ಪರಮಾಣು ನಲುಗಬಹುದು, ನ್ಯೂಕ್ಲಿಯಸ್ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಇತ್ತೀಚೆಗೆ ಮ್ಯಾಗ್ನೆಟಾರ್ ನಕ್ಷತ್ರಗಳ (ಅತಿ ಪ್ರಬಲ ಕಾಂತಕ್ಷೇತ್ರವಿರುವ ನ್ಯೂಟ್ರಾನ್ ನಕ್ಷತ್ರಗಳ) ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಇಂಥ ವಿಷಯಕ್ಕೆ ಕನ್ನಡದ ದಿನಪತ್ರಿಕೆಯೊಂದು ಇಷ್ಟು ಜಾಗ ಕೊಟ್ಟಿರುವುದು ಸಂತೋಷದ ಸಂಗತಿ. ಆದರೆ ಆ ಮ್ಯಾಗ್ನೆಟಾರ್‌ಗಳ ಮೇಲ್ಮೈಯಲ್ಲಿರುವ ಕಾಂತಕ್ಷೇತ್ರವು ಪರಮಾಣುಗಳನ್ನಷ್ಟೇ ಅಲ್ಲದೆ ಅವುಗಳ ನ್ಯೂಕ್ಲಿಯಸ್ಸನ್ನೂ ಛಿದ್ರಗೊಳಿಸುತ್ತದೆ, ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳನ್ನು ಹಿಡಿದಿಟ್ಟಿರುವ ಬಲವನ್ನೇ ಸೋಲಿಸುತ್ತದೆ ಎಂದು ಲೇಖನದ ನಡುವೆ ಬಂದಿರುವ ಮಾತು ಸರಿಯಲ್ಲ. ಭೌತಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಈ ಮಾತು ಬಹಳ ಕಾಡಿತು. ವಿಜ್ಞಾನವನ್ನು ಕನ್ನಡದಲ್ಲಿ ಓದುವ ವಿದ್ಯಾರ್ಥಿಗಳು ಪಠ್ಯಪುಸ್ತಕದ ಆಚೆಗಿನ ಭೌತವಿಜ್ಞಾನವನ್ನು ಬಹುಮಟ್ಟಿಗೆ ಕಾಣುವುದು ಇಂಥ ಪುಟಗಳಲ್ಲೇ. ಅಲ್ಲಿ ಓದಿದ್ದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಆದ್ದರಿಂದ ತುಸು ದೀರ್ಘವಾಗಿ ಬರೆಯುತ್ತಿದ್ದೇನೆ. ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ಮೊದಲು ಅಳತೆಯ ವಿಷಯ. ಕಾಂತಕ್ಷೇತ್ರದ ಬಲವನ್ನು ಗಾಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ನಾವು ನಿಂತಿರುವ ನೆಲದ ಮೇಲೆ ಭೂಮಿಯ ಕಾಂತಕ್ಷೇತ್ರ ಅರ್ಧ ಗಾಸ್‌ಗಿಂತಲೂ ಕಡಿಮೆ. ಆಸ್ಪತ್ರೆಗಳ ಎಂಆರ್‌ಐ ಯಂತ್ರದಲ್ಲಿ ಸಾಮಾನ್ಯವಾಗಿ 1.5 ಟೆಸ್ಲಾ, ಅಂದರೆ 15,000 ಗಾಸ್ ಇರುತ್ತದೆ. ಟೋಕಿಯೋ ವಿಶ್ವವಿದ್ಯಾಲಯದ ವಿಜ್ಞಾನಿಗಳು 2018ರಲ್ಲಿ ಪ್ರಯೋಗಾಲಯದೊಳಗೆ ಕ್ಷಣಮಾತ್ರಕ್ಕೆ 1,200 ಟೆಸ್ಲಾ ಮುಟ್ಟಿದ್ದು ದೊಡ್ಡ ಸಾಧನೆಯೆನಿಸಿತು. ಅದು ಒಂದು ಕೋಟಿ ಗಾಸ್‌ಗಿಂತ ಸ್ವಲ್ಪ ಹೆಚ್ಚು. ಮ್ಯಾಗ್ನೆಟಾರ್‌ಗಳ ಮೇಲ್ಮೈಯಲ್ಲಿ 10¹⁴ರಿಂದ 10¹⁵ ಗಾಸ್ ಇರಬೇಕೆಂದು, ಅವು ತಮ್ಮ ಸುತ್ತ ತಿರುಗುವ ವೇಗ ಕುಗ್ಗುತ್ತಿರುವ ರೀತಿಯಿಂದ ಅಂದಾಜು ಮಾಡಲಾಗಿದೆ. 10¹⁵ ಎಂದರೆ ಒಂದರ ಮುಂದೆ ಹದಿನೈದು ಸೊನ್ನೆ. ಇಷ್ಟು ದೊಡ್ಡ ಸಂಖ್ಯೆಯನ್ನು ಕಂಡೊಡನೆ ಇದಕ್ಕೆ ಎದುರು ನಿಲ್ಲುವುದು ಯಾವುದೂ ಇರಲಾರದು ಎಂದು ಅನ್ನಿಸುವುದು ಸಹಜ. ಆದರೆ ದೊಡ್ಡದು, ಚಿಕ್ಕದು ಎಂಬುದನ್ನು ಎದುರಿಗಿರುವ ಬಲದ ಜೊತೆ ಹೋಲಿಸಿಯೇ ಹೇಳಬೇಕು.

ಪರಮಾಣುವಿನ ಮಟ್ಟಿಗೆ ಲೇಖನದ ಮಾತಿನಲ್ಲಿ ಅರ್ಧ ಸತ್ಯವಿದೆ. ಜಲಜನಕದ ಪರಮಾಣುವಿನಲ್ಲಿ ಪ್ರೋಟಾನು ಎಲೆಕ್ಟ್ರಾನನ್ನು ಸೆಳೆಯುವ ವಿದ್ಯುತ್ ಬಲವನ್ನು ಕಾಂತಕ್ಷೇತ್ರದ ಬಲ ಸರಿಗಟ್ಟುವುದು ಸುಮಾರು 235 ಕೋಟಿ ಗಾಸ್‌ನಲ್ಲಿ. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾದಾಗ ಎಲೆಕ್ಟ್ರಾನು ಕ್ಷೇತ್ರಕ್ಕೆ ಅಡ್ಡವಾಗಿ ಸರಿಯಲಾಗದೆ ಕ್ಷೇತ್ರದ ದಿಕ್ಕಿನಲ್ಲಷ್ಟೇ ಚಾಚಿಕೊಳ್ಳುತ್ತದೆ. ದುಂಡಗಿದ್ದ ಪರಮಾಣು ಸೂಜಿಯಂತೆ ಸಪೂರವಾಗುತ್ತದೆ. 10¹⁵ ಗಾಸ್‌ನಲ್ಲಿ ಆ ಸೂಜಿಯ ದಪ್ಪ ಮಾಮೂಲು ಪರಮಾಣುವಿನ ಅಳತೆಯ ಆರುನೂರು ಪಾಲಿನಲ್ಲಿ ಒಂದು ಪಾಲಿನಷ್ಟು ಮಾತ್ರ. ನಾವು ಕಲಿತ ರಸಾಯನಶಾಸ್ತ್ರ ಅಲ್ಲಿ ನಡೆಯುವುದಿಲ್ಲ. ಹೀಗಿದ್ದರೂ ಅದನ್ನು ಛಿದ್ರವಾಗುವುದು ಎನ್ನಲಾಗದು. ಎಲೆಕ್ಟ್ರಾನು ಪ್ರೋಟಾನಿನ ಹತ್ತಿರಕ್ಕೆ ಬರುವುದರಿಂದ ಬಂಧ ಇನ್ನಷ್ಟು ಬಿಗಿಯಾಗುತ್ತದೆ. ಜಲಜನಕದಿಂದ ಎಲೆಕ್ಟ್ರಾನನ್ನು ಕೀಳಲು ಇಲ್ಲಿ 13.6 ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಪುಟ್ಟ ಮಾನ) ಸಾಕಾದರೆ, 10¹² ಗಾಸ್‌ನಲ್ಲಿ ಸುಮಾರು 160 ಎಲೆಕ್ಟ್ರಾನ್ ವೋಲ್ಟ್ ಬೇಕು.

ನ್ಯೂಕ್ಲಿಯಸ್ಸಿನ ಕತೆಯೇ ಬೇರೆ. ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳಿಗೆ ಒಟ್ಟಾಗಿ ನ್ಯೂಕ್ಲಿಯಾನ್ ಎನ್ನುತ್ತೇವೆ. ಎರಡೂ ಪುಟ್ಟ ಕಾಂತಗಳಂತೆ ವರ್ತಿಸುತ್ತವೆ. ವಿದ್ಯುದಂಶವೇ ಇಲ್ಲದ ನ್ಯೂಟ್ರಾನಿಗೂ ಕಾಂತಗುಣವಿರುವುದು ಅದರೊಳಗೆ ಕ್ವಾರ್ಕ್ ಎಂಬ ಇನ್ನೂ ಸಣ್ಣ ಕಣಗಳಿವೆ ಎಂಬುದರ ಒಂದು ಕುರುಹು. ನ್ಯೂಕ್ಲಿಯರ್ ಮ್ಯಾಗ್ನೆಟಾನ್ ಎಂಬ ಮಾನದಲ್ಲಿ ಪ್ರೋಟಾನಿನ ಕಾಂತಗುಣ 2.79, ನ್ಯೂಟ್ರಾನಿನದು ವಿರುದ್ಧ ದಿಕ್ಕಿನಲ್ಲಿ 1.91. ಇವುಗಳಿಂದ ಲೆಕ್ಕ ಹಾಕಿದರೆ, 10¹⁵ ಗಾಸ್ ಕ್ಷೇತ್ರದಲ್ಲಿ ಪ್ರೋಟಾನಿನ ಶಕ್ತಿ ಬದಲಾಗುವುದು ಸುಮಾರು 8,800 ಎಲೆಕ್ಟ್ರಾನ್ ವೋಲ್ಟ್‌ನಷ್ಟು, ನ್ಯೂಟ್ರಾನಿನದು ಸುಮಾರು 6,000. ಕಬ್ಬಿಣದ ನ್ಯೂಕ್ಲಿಯಸ್ಸಿನಲ್ಲಿ ಒಂದೊಂದು ನ್ಯೂಕ್ಲಿಯಾನನ್ನು ಹಿಡಿದಿಟ್ಟಿರುವ ಶಕ್ತಿ ಸರಾಸರಿ 88 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಮ್ಯಾಗ್ನೆಟಾರ್‌ನ ಮೇಲ್ಮೈಯಲ್ಲಿರುವ ಕಾಂತಕ್ಷೇತ್ರದಿಂದಾಗುವ ಶಕ್ತಿಯ ಬದಲಾವಣೆ ಅದರ ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ. ಅಷ್ಟರಿಂದ ನ್ಯೂಕ್ಲಿಯಸ್ ಒಡೆಯುವುದಿಲ್ಲ. ಅಲ್ಲಿನ ಹೊರಪದರದಲ್ಲಿ ಯಾವ ಧಾತುಗಳ ನ್ಯೂಕ್ಲಿಯಸ್ಸುಗಳು ಎಷ್ಟು ಆಳದವರೆಗೆ ಉಳಿದಿರುತ್ತವೆ ಎಂಬುದರ ಮೇಲೆ ಇನ್ನೂ ಪ್ರಬಲವಾದ ಕ್ಷೇತ್ರಗಳು ಪ್ರಭಾವ ಬೀರಬಲ್ಲವು ನಿಜ. ಆದರೆ ಅದು ಬಹುಪಾಲು ಸುತ್ತಲಿನ ಎಲೆಕ್ಟ್ರಾನ್‌ಗಳ ಮೂಲಕ ಆಗುವ ಪ್ರಭಾವವೇ ಹೊರತು ನ್ಯೂಕ್ಲಿಯಾನ್‌ಗಳ ನಡುವಿನ ಬಲ ಬದಲಾದದ್ದರಿಂದ ಅಲ್ಲ.

ಹಾಗಾದರೆ ಕಾಂತಕ್ಷೇತ್ರ ಬೈಜಿಕ ಬಲವನ್ನು, ಅಂದರೆ ನ್ಯೂಕ್ಲಿಯಾನ್‌ಗಳನ್ನು ಹಿಡಿದಿಟ್ಟಿರುವ ಬಲವನ್ನು, ಮುಟ್ಟುವುದೇ ಇಲ್ಲವೇ ಎಂದರೆ, ಮುಟ್ಟುತ್ತದೆ. ಆದರೆ ಇದಕ್ಕಿಂತ ನೂರು, ಸಾವಿರ ಪಟ್ಟು ಹೆಚ್ಚಾದ ಮೇಲೆ. ಅದು ಹೇಗೆ ಎಂಬುದನ್ನು ನೋಡಲು ಡ್ಯೂಟೆರಾನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಒಂದು ಪ್ರೋಟಾನು, ಒಂದು ನ್ಯೂಟ್ರಾನು ಸೇರಿ ಆಗುವ ಈ ಅತ್ಯಂತ ಸರಳ ನ್ಯೂಕ್ಲಿಯಸ್ಸನ್ನು ಬಿಡಿಸಲು 22.24 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಸಾಕು. ನ್ಯೂಕ್ಲಿಯಸ್ಸುಗಳ ಲೋಕದಲ್ಲಿ ಇದು ಸಡಿಲವಾದ ಬಂಧ. ಬೈಜಿಕ ಬಲಕ್ಕೆ ಒಂದು ವಿಶೇಷ ಗುಣವಿದೆ: ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಸ್ಪಿನ್ (ಬುಗುರಿಯ ತಿರುಗುವಿಕೆಗೆ ಹೋಲಿಸಬಹುದಾದ, ಕಣಗಳ ಸಹಜ ಗುಣ) ಒಂದೇ ದಿಕ್ಕಿಗಿದ್ದಾಗ ಮಾತ್ರ ಅವುಗಳನ್ನು ಬಂಧಿಸುವಷ್ಟು ಅದು ಬಲಶಾಲಿ, ವಿರುದ್ಧ ದಿಕ್ಕಿಗಿದ್ದರೆ ಸ್ವಲ್ಪದರಲ್ಲಿ ಬಂಧ ತಪ್ಪುತ್ತದೆ. ಎರಡು ನ್ಯೂಟ್ರಾನ್‌ಗಳೇ ಸೇರಿದ ನ್ಯೂಕ್ಲಿಯಸ್ ಪ್ರಕೃತಿಯಲ್ಲಿ ಇಲ್ಲದಿರುವುದಕ್ಕೂ ಇದೇ ಕಾರಣ. ಅತಿ ಸಮೀಪದ ಸ್ಥಿತಿಯಲ್ಲಿ ಅವುಗಳ ಸ್ಪಿನ್ ವಿರುದ್ಧವಾಗಿಯೇ ಇರಬೇಕೆಂಬುದು ಪೌಲಿಯ ನಿಯಮ. ಬೈಜಿಕ ಬಲ ಸ್ಪಿನ್‌ನ ದಿಕ್ಕನ್ನೂ ನೋಡುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು 1939ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದ ಇಸಿಡೋರ್ ರಾಬಿ ಮತ್ತು ಸಂಗಡಿಗರು ಡ್ಯೂಟೆರಾನ್ ಪೂರ್ತಿ ದುಂಡಗಿಲ್ಲ, ತುಸು ಉದ್ದವಾಗಿದೆ ಎಂದು ಕಂಡುಕೊಂಡಾಗ. ಅವರು ಅದಕ್ಕೆ ಬಳಸಿದ ಸಾಧನವೂ ಕಾಂತಕ್ಷೇತ್ರವೇ ಎಂಬುದು ಗಮನಿಸಬೇಕಾದ ಸಂಗತಿ.

ಈಗ ಡ್ಯೂಟೆರಾನನ್ನು ಪ್ರಬಲ ಕಾಂತಕ್ಷೇತ್ರದಲ್ಲಿ ಇಟ್ಟಿದ್ದೇವೆ ಎಂದುಕೊಳ್ಳೋಣ. ಪ್ರೋಟಾನು ತನ್ನ ಸ್ಪಿನ್ ಕ್ಷೇತ್ರದ ದಿಕ್ಕಿಗೇ ಇರಲೆಂದು ಬಯಸುತ್ತದೆ. ನ್ಯೂಟ್ರಾನಿನ ಕಾಂತಗುಣ ವಿರುದ್ಧ ದಿಕ್ಕಿನದಾದ್ದರಿಂದ ಅದರ ಸ್ಪಿನ್ ಕ್ಷೇತ್ರಕ್ಕೆ ಎದುರಾಗಿ ತಿರುಗಲು ಹವಣಿಸುತ್ತದೆ. ಅಂದರೆ ಕಾಂತಕ್ಷೇತ್ರ ಇವೆರಡರ ಸ್ಪಿನ್‌ಗಳನ್ನು ವಿರುದ್ಧವಾಗಿಸಲು ಯತ್ನಿಸುತ್ತದೆ, ಬೈಜಿಕ ಬಲ ಒಂದೇ ದಿಕ್ಕಿಗೆ ಇರಿಸಿಕೊಳ್ಳಲು ಯತ್ನಿಸುತ್ತದೆ. ಇದೇ ನಿಜವಾದ ಸೆಣಸಾಟ. ಎರಡೂ ತಮಗೆ ಅನುಕೂಲವಾದ ದಿಕ್ಕಿಗೆ ತಿರುಗಿಕೊಂಡರೆ ಕಾಂತಕ್ಷೇತ್ರದಿಂದ ಸಿಗುವ ಲಾಭ 10¹⁵ ಗಾಸ್‌ನಲ್ಲಿ ಸುಮಾರು 15 ಸಾವಿರ ಎಲೆಕ್ಟ್ರಾನ್ ವೋಲ್ಟ್ ಮಾತ್ರ. 10¹⁷ ಗಾಸ್‌ನಲ್ಲಿ ಸುಮಾರು 15 ಲಕ್ಷ. 10¹⁸ ಗಾಸ್‌ನಲ್ಲಿ ಒಂದೂವರೆ ಕೋಟಿ. ಡ್ಯೂಟೆರಾನಿನ ಬಂಧನ ಶಕ್ತಿ 22 ಲಕ್ಷ ಎಂಬುದನ್ನು ಇದರ ಪಕ್ಕಕ್ಕಿಟ್ಟು ನೋಡಿದರೆ, ಬೈಜಿಕ ಬಲಕ್ಕೂ ಕಾಂತಕ್ಷೇತ್ರಕ್ಕೂ ಸಮಬಲದ ಪೈಪೋಟಿ ಶುರುವಾಗುವುದು 10¹⁷ ಗಾಸ್ ದಾಟಿದ ಮೇಲೆಯೇ ಎಂಬುದು ಪದವಿ ತರಗತಿಯ ವಿದ್ಯಾರ್ಥಿಗೂ ತಿಳಿಯುತ್ತದೆ. ಪ್ರೋಟಾನು ಕಾಂತಕ್ಷೇತ್ರದಲ್ಲಿ ಸುತ್ತುವುದರಿಂದ ಬರುವ ಶಕ್ತಿಯನ್ನೂ ಸೇರಿಸಿದರೆ ಅಂಕಿಗಳು ಸ್ವಲ್ಪ ಬದಲಾಗುತ್ತವೆ, ತೀರ್ಮಾನ ಬದಲಾಗುವುದಿಲ್ಲ.

ಕಾಂತಗುಣಕ್ಕೂ ಬೈಜಿಕ ಬಲಕ್ಕೂ ಇರುವ ಈ ನಂಟು ದೂರದ ನಕ್ಷತ್ರಗಳದ್ದು ಮಾತ್ರ ಎಂದು ಯಾರೂ ತಿಳಿಯಬಾರದು. ನಿಧಾನಗತಿಯ ನ್ಯೂಟ್ರಾನು ಪ್ರೋಟಾನಿಗೆ ಎದುರಾದಾಗ, ವಿರುದ್ಧ ಸ್ಪಿನ್‌ಗಳಿದ್ದ ಆ ಜೋಡಿ ಒಂದೇ ದಿಕ್ಕಿನ ಸ್ಪಿನ್‌ಗಳಿಗೆ ಮಗುಚಿಕೊಂಡು ಡ್ಯೂಟೆರಾನ್ ಆಗುತ್ತದೆ, ಉಳಿದ 22 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಗಾಮಾ ಕಿರಣವಾಗಿ ಹೊರಬೀಳುತ್ತದೆ. ಈ ಮಗುಚುವಿಕೆಯನ್ನು ಆಗಮಾಡುವುದು ಎರಡರ ಕಾಂತಗುಣಗಳ ನಡುವಿನ ವ್ಯತ್ಯಾಸ. ಸಾದಾ ನೀರಿನಲ್ಲಿರುವ ಪ್ರೋಟಾನ್‌ಗಳು ಹೀಗೆ ನ್ಯೂಟ್ರಾನ್‌ಗಳನ್ನು ನುಂಗಿಬಿಡುತ್ತವೆ. ಸಂಪುಷ್ಟಗೊಳಿಸದ ಯುರೇನಿಯಂ ಬಳಸುವ ನಮ್ಮ ಕೈಗಾ ಸ್ಥಾವರದ ರಿಯಾಕ್ಟರ್‌ಗಳಲ್ಲಿ ನ್ಯೂಟ್ರಾನ್‌ಗಳ ವೇಗ ತಗ್ಗಿಸಲು ಸಾದಾ ನೀರಿನ ಬದಲು ಭಾರಜಲ (ಜಲಜನಕದ ನ್ಯೂಕ್ಲಿಯಸ್ಸು ಡ್ಯೂಟೆರಾನ್ ಆಗಿರುವ ನೀರು) ತುಂಬಿರುವುದಕ್ಕೆ ಇದೇ ಮುಖ್ಯ ಕಾರಣ. ವಿಶ್ವ ಹುಟ್ಟಿದ ಮೊದಲ ಕೆಲವು ನಿಮಿಷಗಳಲ್ಲಿ ಹೀಲಿಯಂ ಆಗಲು ಮೊದಲ ಮೆಟ್ಟಿಲಾಗಿದ್ದೂ ಇದೇ ಕ್ರಿಯೆ.

ಇನ್ನೊಂದು ಮುಖವೂ ಇದೆ, ಅದು ಇನ್ನೂ ಆಳವಾದದ್ದು. ಮೇಲಿನ ಲೆಕ್ಕದಲ್ಲಿ ಬೈಜಿಕ ಬಲ ಹಾಗೆಯೇ ಇದೆ, ಕಾಂತಕ್ಷೇತ್ರ ಅದರೊಡನೆ ಸ್ಪರ್ಧಿಸುತ್ತಿದೆ ಎಂದು ಭಾವಿಸಿದ್ದೆವು. ಆದರೆ ಕ್ಷೇತ್ರ ಮತ್ತಷ್ಟು ಪ್ರಬಲವಾದಾಗ ಬಲವೇ ಬದಲಾಗುತ್ತದೆ. ನ್ಯೂಕ್ಲಿಯಾನ್‌ಗಳು ಮೆಸಾನ್ ಎಂಬ ಕಣಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುವುದರಿಂದ ಈ ಬಲ ಹುಟ್ಟುತ್ತದೆ ಎಂದು ಜಪಾನಿನ ಹಿಡೆಕಿ ಯುಕಾವಾ 1935ರಲ್ಲಿ ಪ್ರತಿಪಾದಿಸಿದರು. 1947ರಲ್ಲಿ ಪಯಾನ್ ಎಂಬ ಅಂಥ ಮೆಸಾನ್ ಪತ್ತೆಯಾಯಿತು, 1949ರಲ್ಲಿ ಯುಕಾವಾ ಅವರಿಗೆ ನೊಬೆಲ್ ಬಂತು. ಪಯಾನ್‌ಗಳಲ್ಲಿ ಮೂರು ಬಗೆ: ಧನ, ಋಣ, ತಟಸ್ಥ. ಎರಡು ಪ್ರೋಟಾನ್‌ಗಳ ನಡುವೆ ಅಥವಾ ಎರಡು ನ್ಯೂಟ್ರಾನ್‌ಗಳ ನಡುವೆ ಒಂದೇ ಪಯಾನ್ ಓಡಾಡುವುದಾದರೆ ಅದು ತಟಸ್ಥ ಪಯಾನ್ ಆಗಿರಬೇಕು. ಪ್ರೋಟಾನ್ ಮತ್ತು ನ್ಯೂಟ್ರಾನ್ ನಡುವೆ ಮಾತ್ರ ವಿದ್ಯುದಂಶವಿರುವ ಪಯಾನ್‌ಗಳೂ ಓಡಾಡಬಲ್ಲವು. ಕಾಂತಕ್ಷೇತ್ರ ತಟಸ್ಥ ಕಣವನ್ನು ನೇರವಾಗಿ ಬಾಗಿಸುವುದಿಲ್ಲ, ವಿದ್ಯುದಂಶವಿರುವುದನ್ನು ಬಾಗಿಸುತ್ತದೆ. ಆದಕಾರಣ ಕ್ಷೇತ್ರ ಪ್ರಬಲವಾದಂತೆ ಪ್ರೋಟಾನ್–ನ್ಯೂಟ್ರಾನ್ ಬಲ ಒಂದು ಬಗೆಯಲ್ಲಿ, ನ್ಯೂಟ್ರಾನ್–ನ್ಯೂಟ್ರಾನ್ ಬಲ ಇನ್ನೊಂದು ಬಗೆಯಲ್ಲಿ ಬದಲಾಗಬೇಕು. ಬೈಜಿಕ ಬಲಕ್ಕೆ ಪ್ರೋಟಾನು ಮತ್ತು ನ್ಯೂಟ್ರಾನುಗಳಲ್ಲಿ ಭೇದವಿಲ್ಲ ಎಂದು ನಾವು ತರಗತಿಯಲ್ಲಿ ಹೇಳಿಕೊಡುವ ನಿಯಮ ಅಲ್ಲಿ ಮುರಿಯುತ್ತದೆ. ಅಷ್ಟೇ ಅಲ್ಲ, ಕ್ಷೇತ್ರದ ಉದ್ದಕ್ಕೆ ಒಂದು ಬಲ, ಅಡ್ಡಕ್ಕೆ ಇನ್ನೊಂದು ಬಲ ಎಂಬಂತಾಗುತ್ತದೆ.

ಇದು ಯಾವಾಗ ಮುಖ್ಯವಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಪಯಾನ್ ವಿನಿಮಯದಿಂದಾಗುವ ಬಲ ಹಬ್ಬುವ ದೂರ ಸುಮಾರು 1.4 ಫರ್ಮಿ, ಒಂದು ಮಿಲಿಮೀಟರಿನ ಲಕ್ಷ ಕೋಟಿ ಪಾಲಿನಲ್ಲಿ ಒಂದು ಪಾಲು ಒಂದು ಫರ್ಮಿ. 10¹⁵ ಗಾಸ್‌ನಲ್ಲಿ ವಿದ್ಯುದಂಶವಿರುವ ಕಣವನ್ನು ಕಾಂತಕ್ಷೇತ್ರ ಕಟ್ಟಿಹಾಕುವ ವೃತ್ತದ ಅಳತೆ ಸುಮಾರು 81 ಫರ್ಮಿ. ಒಂದೂವರೆ ಫರ್ಮಿಯೊಳಗೆ ಮುಗಿದುಹೋಗುವ ಪಯಾನಿನ ಓಡಾಟಕ್ಕೆ ಅಷ್ಟು ದೊಡ್ಡ ವೃತ್ತದ ಬಾಗು ತಿಳಿಯುವುದೇ ಇಲ್ಲ. 10¹⁸ ಗಾಸ್‌ನಲ್ಲಿ ಆ ವೃತ್ತ 2.6 ಫರ್ಮಿಗೆ ಕುಗ್ಗುತ್ತದೆ, ಆಗ ತಿಳಿಯುತ್ತದೆ. ಶಕ್ತಿಯ ಭಾಷೆಯಲ್ಲಿ ಹೇಳುವುದಾದರೆ, ವಿದ್ಯುದಂಶವಿರುವ ಪಯಾನನ್ನು ಉಂಟುಮಾಡಲು ಬೇಕಾಗುವ 13.96 ಕೋಟಿ ಎಲೆಕ್ಟ್ರಾನ್ ವೋಲ್ಟ್ 10¹⁵ ಗಾಸ್‌ನಲ್ಲಿ ಕೇವಲ 21 ಸಾವಿರದಷ್ಟು ಏರಿದರೆ, 10¹⁸ ಗಾಸ್‌ನಲ್ಲಿ ಸುಮಾರು 15.9 ಕೋಟಿಗೆ ಏರುತ್ತದೆ. ಪಯಾನನ್ನು ಒಳರಚನೆಯಿಲ್ಲದ ಕಣವೆಂದು ಭಾವಿಸಿದಾಗ ಬರುವ ಅಂಕಿ ಇದು. ಪಯಾನ್ ಭಾರವಾದಷ್ಟೂ ಬಲ ಹಬ್ಬುವ ದೂರ ತಗ್ಗುತ್ತದೆ. ತಟಸ್ಥ ಪಯಾನಿನ ವಿಷಯದಲ್ಲಿ ಇದಕ್ಕೆ ವಿರುದ್ಧ: ಕ್ಷೇತ್ರ ಅತಿ ಪ್ರಬಲವಾದಾಗ ಅದರೊಳಗಿನ ಕ್ವಾರ್ಕ್‌ಗಳ ಮೇಲಾಗುವ ಪರಿಣಾಮದಿಂದ ಅದು ಹಗುರವಾಗುತ್ತದೆ ಎಂದು ಸೂಪರ್ ಕಂಪ್ಯೂಟರ್ ಲೆಕ್ಕಗಳು ತೋರಿಸಿವೆ.

ಇನ್ನು, 10¹⁸ ಗಾಸ್ ಎಲ್ಲಿದೆ ಎಂಬ ಪ್ರಶ್ನೆ. ಲೇಖನ ಎಡವಿದ್ದು ಇಲ್ಲಿಯೇ ಎಂದು ನನ್ನ ಭಾವನೆ. ಮ್ಯಾಗ್ನೆಟಾರ್‌ನ ಒಡಲೊಳಗೆ ಮೇಲ್ಮೈಗಿಂತ ಪ್ರಬಲವಾದ ಕ್ಷೇತ್ರ ಅಡಗಿರಬಹುದು. ಆದರೆ ಒಳಗಿನ ಕ್ಷೇತ್ರವನ್ನು ನೇರವಾಗಿ ಅಳೆದವರಿಲ್ಲ. ಭೌತವಿಜ್ಞಾನಿಗಳಾದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಮತ್ತು ಎನ್ರಿಕೊ ಫರ್ಮಿ 1953ರಲ್ಲಿ ತೋರಿಸಿಕೊಟ್ಟಂತೆ, ಕಾಂತಕ್ಷೇತ್ರದಲ್ಲಿ ಅಡಗಿದ ಶಕ್ತಿಯು ಗುರುತ್ವದ ಬಂಧನ ಶಕ್ತಿಯನ್ನು ಮೀರಿದರೆ ನಕ್ಷತ್ರ ಹಿಡಿದು ನಿಲ್ಲಲಾರದು. ಇದೇ ತರ್ಕವನ್ನು ನ್ಯೂಟ್ರಾನ್ ನಕ್ಷತ್ರಕ್ಕೆ ಅನ್ವಯಿಸಿದರೆ ಒಳಗಿನ ಕ್ಷೇತ್ರಕ್ಕೆ ಸಿಗುವ ಗರಿಷ್ಠ ಮಿತಿ ಸುಮಾರು 10¹⁸ ಗಾಸ್. ಇದು ಮೀರಲಾಗದ ಗಡಿಯೇ ಹೊರತು ಅಲ್ಲಿ ಅಷ್ಟು ಇದೆ ಎಂಬುದಕ್ಕೆ ಸಾಕ್ಷಿಯಲ್ಲ. ಈ ಗಡಿಯ ಅಂಕಿ ಬರಹದಿಂದ ಬರಹಕ್ಕೆ ಸಾಗುತ್ತಾ ಅಳೆದು ಕಂಡ ಅಂಕಿಯೆಂಬಂತೆ ಬಳಕೆಯಾಗುವುದನ್ನು ಹಲವು ಕಡೆ ನೋಡಿದ್ದೇನೆ.

ಭೂಮಿಯ ಮೇಲೆಯೂ ಇಷ್ಟು ಪ್ರಬಲ ಕ್ಷೇತ್ರ ಹುಟ್ಟುತ್ತದೆ ಎಂದರೆ ಓದುಗರಿಗೆ ಆಶ್ಚರ್ಯವಾದೀತು. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ, ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಬಂಗಾರ ಅಥವಾ ಸೀಸದ ನ್ಯೂಕ್ಲಿಯಸ್ಸುಗಳು ಬೆಳಕಿನ ವೇಗದ ಸನಿಹದಲ್ಲಿ ಒಂದನ್ನೊಂದು ಸವರಿಕೊಂಡು ಹೋಗುವಾಗ 10¹⁸ರಿಂದ 10¹⁹ ಗಾಸ್‌ನಷ್ಟು ಕಾಂತಕ್ಷೇತ್ರ ಮೂಡುತ್ತದೆಂದು ಲೆಕ್ಕಗಳು ಹೇಳುತ್ತವೆ. ಭಾರತದ ವಿಜ್ಞಾನಿಗಳೂ ಈ ಪ್ರಯೋಗಗಳಲ್ಲಿ ಪಾಲುದಾರರು. ಆದರೆ ಆ ಕ್ಷೇತ್ರ ಕಣ್ಣೆವೆ ಮುಚ್ಚುವ ಮಾತಿರಲಿ, ಬೆಳಕು ಒಂದು ನ್ಯೂಕ್ಲಿಯಸ್ಸನ್ನು ದಾಟುವಷ್ಟು ಹೊತ್ತೂ ಪೂರ್ಣ ಬಲದಲ್ಲಿ ಉಳಿಯುವುದಿಲ್ಲ. ಡಿಕ್ಕಿಯಾದ ಭಾಗದ ನ್ಯೂಕ್ಲಿಯಾನ್‌ಗಳು ಕರಗಿ ಕ್ವಾರ್ಕ್‌ಗಳ ದ್ರವವಾಗಿರುತ್ತವೆ. ಎರಡು ನ್ಯೂಕ್ಲಿಯಾನ್‌ಗಳ ನಡುವಿನ ಬಲವನ್ನು ನೆಮ್ಮದಿಯಾಗಿ ಅಳೆಯುವ ಜಾಗ ಅದಲ್ಲ.

ಆದ್ದರಿಂದ ಸದ್ಯಕ್ಕೆ ಉಳಿದಿರುವ ದಾರಿ ಗಣಕಯಂತ್ರದ್ದು. ಸ್ಥಳ ಮತ್ತು ಕಾಲವನ್ನು ಸಣ್ಣ ಸಣ್ಣ ಚೌಕಗಳ ಜಾಲರಿಯಾಗಿ ಭಾವಿಸಿ, ಕ್ವಾರ್ಕ್ ಮತ್ತು ಅವುಗಳನ್ನು ಅಂಟಿಸಿಡುವ ಗ್ಲೂವಾನ್‌ಗಳ ಮೂಲ ಸಮೀಕರಣಗಳಿಂದಲೇ ನ್ಯೂಕ್ಲಿಯಾನ್‌ಗಳ ವರ್ತನೆಯನ್ನು ಲೆಕ್ಕ ಹಾಕುವ ಪದ್ಧತಿ ಇದು. ಎನ್‌ಪಿಎಲ್‌ಕ್ಯೂಸಿಡಿ ಎಂಬ ವಿಜ್ಞಾನಿಗಳ ತಂಡ 2014ರಲ್ಲಿ ಹಗುರ ನ್ಯೂಕ್ಲಿಯಸ್ಸುಗಳ ಕಾಂತಗುಣವನ್ನು ಹೀಗೆ ಲೆಕ್ಕ ಹಾಕಿತು; ಮೇಲೆ ಹೇಳಿದ, ನ್ಯೂಟ್ರಾನು ಪ್ರೋಟಾನನ್ನು ಸೇರಿ ಡ್ಯೂಟೆರಾನ್ ಆಗುವ ಕ್ರಿಯೆಯನ್ನು 2015ರಲ್ಲಿ ಲೆಕ್ಕ ಹಾಕಿತು. 10¹⁹ರಿಂದ 10²⁰ ಗಾಸ್ ಕ್ಷೇತ್ರಗಳಲ್ಲಿ ಎರಡು ನ್ಯೂಕ್ಲಿಯಾನ್‌ಗಳ ಬಂಧ ಕಡಿದುಹೋಗುವ ಅಂಚಿಗೆ ಬಂದು ನಿಲ್ಲಬಹುದು, ಆ ಅಂಚಿನಲ್ಲಿ ಅವು ತಮ್ಮ ಬಲದ ವ್ಯಾಪ್ತಿಗಿಂತ ಎಷ್ಟೋ ದೂರದವರೆಗೆ ಒಂದರ ಇರವನ್ನು ಇನ್ನೊಂದು ಅರಿಯಬಹುದು ಎಂದು 2016ರಲ್ಲಿ ಅದೇ ತಂಡ ಪ್ರಕಟಿಸಿತು. ನನ್ನ ಮಟ್ಟಿಗೆ ಇದು ಈ ಕ್ಷೇತ್ರದ ಅತ್ಯಂತ ಕುತೂಹಲಕರ ಫಲಿತಾಂಶಗಳಲ್ಲೊಂದು. ಆದರೆ ಅದನ್ನು ಹೇಳುವಾಗ ಜೊತೆಗೇ ಹೇಳಬೇಕಾದ ಮಾತೂ ಇದೆ. ಲೆಕ್ಕದ ಹೊರೆ ತಗ್ಗಿಸಲು ಆ ತಂಡ ಬಳಸಿದ ಪಯಾನ್‌ಗಳು ನಿಜವಾದ ಪಯಾನ್‌ಗಳಿಗಿಂತ ಬಹಳ ಭಾರ: ಸುಮಾರು 14 ಕೋಟಿಯ ಬದಲು 45 ಕೋಟಿ ಮತ್ತು 80.6 ಕೋಟಿ ಎಲೆಕ್ಟ್ರಾನ್ ವೋಲ್ಟ್. ನಿಜ ಪ್ರಕೃತಿಯಲ್ಲೂ ಹೀಗಾಗಬಹುದೆಂಬ ಸೂಚನೆ ಇದೆ ಎಂದಷ್ಟೇ ಅವರು ಹೇಳಿದ್ದಾರೆ. ಅಷ್ಟು ಭಾರದ ಕ್ವಾರ್ಕ್‌ಗಳಿದ್ದಾಗ ಎರಡು ನ್ಯೂಕ್ಲಿಯಾನ್‌ಗಳು ನಿಜಕ್ಕೂ ಬಂಧಿತವಾಗಿರುತ್ತವೆಯೇ ಎಂಬುದನ್ನೇ ನಂತರ ಬೇರೆ ವಿಧಾನದಿಂದ ಮಾಡಿದ ಲೆಕ್ಕಗಳು ಪ್ರಶ್ನಿಸಿವೆ. ಚರ್ಚೆ ಇನ್ನೂ ನಡೆದಿದೆ.

ವೀಕ್ಷಣೆಯ ಕಡೆಯಿಂದಲೂ ಕೆಲಸ ಸಾಗಿದೆ. 4ಯು 0142+61 ಎಂಬ ಮ್ಯಾಗ್ನೆಟಾರ್‌ನಿಂದ ಬರುವ ಎಕ್ಸ್-ಕಿರಣಗಳ ಧ್ರುವೀಕರಣದ ದಿಕ್ಕು (ಕಿರಣದ ಅಲೆ ಕಂಪಿಸುವ ದಿಕ್ಕು), ಕಿರಣದ ಶಕ್ತಿ ಏರಿದಂತೆ 90 ಡಿಗ್ರಿ ತಿರುಗುವುದನ್ನು ಐಎಕ್ಸ್‌ಪಿಇ ಎಂಬ ಉಪಗ್ರಹದ ನೆರವಿನಿಂದ 2022ರಲ್ಲಿ ವಿಜ್ಞಾನಿಗಳು ತೋರಿಸಿದರು. 2024ರ ಜನವರಿ 1ರಂದು ಇಸ್ರೋ ಹಾರಿಸಿದ ಎಕ್ಸ್‌ಪೋಸ್ಯಾಟ್ ಇದೇ ಬಗೆಯ ಅಧ್ಯಯನಕ್ಕಾಗಿ ಇರುವ ಉಪಗ್ರಹ. ಅದರಲ್ಲಿರುವ, ಇನ್ನೂ ಹೆಚ್ಚಿನ ಶಕ್ತಿಯ ಎಕ್ಸ್-ಕಿರಣಗಳ ಧ್ರುವೀಕರಣ ಅಳೆಯುವ ಪೊಲಿಕ್ಸ್ ಉಪಕರಣ ರೂಪುಗೊಂಡಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಈ ಉಪಕರಣಗಳು ನಕ್ಷತ್ರದ ಮೇಲ್ಮೈ ಮತ್ತು ಅದರ ಸುತ್ತಲಿನ ಕಾಂತಕ್ಷೇತ್ರದ ರೂಪವನ್ನು ತಿಳಿಸಬಲ್ಲವು. ಒಡಲೊಳಗೆ ನ್ಯೂಕ್ಲಿಯಾನ್‌ಗಳ ನಡುವಿನ ಬಲ ಏನಾಗಿದೆ ಎಂಬುದನ್ನು ನೇರವಾಗಿ ಹೇಳಲಾರವು. ಹೊರಗಿನ ಕ್ಷೇತ್ರ ಖಚಿತವಾದಷ್ಟೂ ಒಳಗಿನ ಕ್ಷೇತ್ರದ ಬಗೆಗಿನ ಊಹೆಗಳಿಗೆ ಕಡಿವಾಣ ಬೀಳುತ್ತದೆ ಎಂಬುದೇ ಇಲ್ಲಿನ ಪ್ರಯೋಜನ. ನಮ್ಮದೇ ಊರಿನಲ್ಲಿ ತಯಾರಾದ ಈ ಉಪಕರಣದ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲವೆಂಬುದು ನನಗೆ ಬೇಸರ ತಂದಿತು.

ನನ್ನ ಬೇಡಿಕೆ ಇಷ್ಟೇ. ಮ್ಯಾಗ್ನೆಟಾರ್‌ನ ಮೇಲ್ಮೈಯಲ್ಲಿ ನ್ಯೂಕ್ಲಿಯಸ್ ಛಿದ್ರವಾಗುತ್ತದೆ ಎಂಬ ವಾಕ್ಯಕ್ಕೆ ತಿದ್ದುಪಡಿ ಪ್ರಕಟಿಸಬೇಕು. ಮುಂದೆ ಇಂಥ ಲೇಖನಗಳು ಬಂದಾಗ ಯಾವುದು ಅಳೆದು ತಿಳಿದದ್ದು, ಯಾವುದು ಲೆಕ್ಕದಿಂದ ಬಂದದ್ದು, ಯಾವುದು ಬರೀ ಮಿತಿ ಎಂಬುದನ್ನು ಅಂಕಿಯ ಪಕ್ಕದಲ್ಲೇ ತಿಳಿಸುವ ಪದ್ಧತಿ ಇಟ್ಟುಕೊಳ್ಳಬೇಕು; ಅದಕ್ಕೆ ನಾಲ್ಕು ಪದಗಳಿಗಿಂತ ಹೆಚ್ಚು ಜಾಗ ಬೇಕಾಗುವುದಿಲ್ಲ. ಸಾಧ್ಯವಾದರೆ ತಿದ್ದುಪಡಿಯ ಜೊತೆಗೆ ಒಂದು ಸಣ್ಣ ರೇಖಾಚಿತ್ರವೂ ಇರಲಿ: ಕೆಳಗೆ ಭೂಮಿಯ ಅರ್ಧ ಗಾಸ್, ಅದರ ಮೇಲೆ ಎಂಆರ್‌ಐ, ಟೋಕಿಯೋದ ಪ್ರಯೋಗ, ಪರಮಾಣು ಸಪೂರವಾಗತೊಡಗುವ 235 ಕೋಟಿ ಗಾಸ್, ಮ್ಯಾಗ್ನೆಟಾರ್‌ನ ಮೇಲ್ಮೈ, ಡ್ಯೂಟೆರಾನ್ ಸಡಿಲಗೊಳ್ಳುವ 10¹⁷ ಗಾಸ್, ಕೊನೆಗೆ 10¹⁸ ಗಾಸ್‌ನ ಗಡಿ. ಪಕ್ಕದ ಅಳತೆಪಟ್ಟಿಯಲ್ಲಿ ಪ್ರತಿ ಗೆರೆಯೂ ಅದರ ಕೆಳಗಿನದರ ಹತ್ತು ಪಟ್ಟು ಎಂದು ಬರೆದು ತೋರಿಸಿದರೆ ಪ್ರೌಢಶಾಲೆಯ ಮಕ್ಕಳಿಗೂ ಅರ್ಥವಾಗುತ್ತದೆ. ಬೇಕಿದ್ದಲ್ಲಿ ಅದರ ಕರಡನ್ನು ನಾನೇ ಸಿದ್ಧಪಡಿಸಿ ಕಳುಹಿಸಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ,
ಬೆಂಗಳೂರು